ಸಿಂಕಿನ ಕೆಳಗೆ ಉದ್ಯಮಶೀಲತೆ

ನಾನು ವಿಶ್ವವಿದ್ಯಾಲಯದಲ್ಲಿ ಉದ್ಯಮಶೀಲತೆ ಕಲಿಸುತ್ತೇನೆ. "ಪದವಿ ಹಿಡಿದು ಕೆಲಸಕ್ಕಾಗಿ ಚಪ್ಪಲಿ ಸವೆಸಬೇಡಿ, ನೀವೇ ನಾಲ್ಕು ಜನಕ್ಕೆ ಕೆಲಸ ಕೊಡಿ!" ಎಂದು ಗುಡುಗಿದರೆ ಕೊನೆಯ ಬೆಂಚಿನ ನಿದ್ರಾಪ್ರಿಯರೂ ಎದ್ದು ಕೂರುತ್ತಾರೆ. (ಇಪ್ಪತ್ತೆರಡು ವರ್ಷ ಒಂದೇ ಕುರ್ಚಿಗೆ ಅಂಟಿಕೊಂಡವರು ಇದನ್ನು ಹೇಳಬಹುದೇ ಎಂಬುದು ನನ್ನಾಕೆಯ ಪ್ರಶ್ನೆ. ಈಜು ಬಾರದವನು ದಡದಲ್ಲಿ ನಿಂತು ಕಲಿಸಬಾರದೇ?)

ಇಂಥ ನನ್ನ ತರಗತಿಗೆ ಇಬ್ಬರು ಹುಡುಗಿಯರು ಒಂದೂವರೆ ತಿಂಗಳಿಂದ ಚಕ್ಕರ್! ಒಬ್ಬಳು ಕನ್ನಡಕದವಳು, ಇನ್ನೊಬ್ಬಳು ಮಾತಿನಮಲ್ಲಿ. "ಹಾಜರಿ ಸಾಲದು. ಇಬ್ಬರನ್ನೂ ಪರೀಕ್ಷೆಗೆ ಕೂರಿಸೋದಿಲ್ಲ!" ಎಂದು ಬುಧವಾರ ಸಂಜೆ ಮನೆಯಲ್ಲಿ ಘೋಷಿಸಿದೆ.

"ಅವರನ್ನ ಆಮೇಲೆ ನೋಡ್ಕೊಳ್ಳಿ. ಮೊದಲು ಸಿಂಕ್ ನೋಡಿ, ಕೆಳಗಿನ ಪೈಪಿಂದ ನೀರು ಸೋರ್ತಿದೆ" ಎಂದಳು ನನ್ನಾಕೆ.

ಇಷ್ಟಕ್ಕೆಲ್ಲ ಪ್ಲಂಬರ್ ಯಾಕೆ? ಸ್ಪ್ಯಾನರ್ ಹಿಡಿದು ಸಮರಕ್ಕಿಳಿದೆ. ಹತ್ತೇ ನಿಮಿಷದಲ್ಲಿ ಸೋರುವುದು ನಿಂತು, ಸುರಿಯುವುದು ಶುರುವಾಯಿತು.

ನನ್ನಾಕೆ ನನ್ನ ಕೈಯಿಂದ ಸ್ಪ್ಯಾನರ್ ಕಸಿದುಕೊಂಡು ಫೋನ್ ಎತ್ತಿದಳು.

"ಪ್ಲಂಬರ್ ನಾಳೆ ಹತ್ತಕ್ಕೆ ಬರ್ತಾರಂತೆ. ಹೇಳಿದ ಹೊತ್ತಿಗೆ ಬಂದು, ನೆಲಾನೂ ಒರೆಸಿ ಹೋಗ್ತಾರೆ ಅಂತ ಪಕ್ಕದ ಮನೆಯವರು ಹೊಗಳ್ತಿದ್ರು. ಏನು ಕೆಡಿಸಿದ್ದು ಅಂತ ಹೇಳೋಕೆ ನೀವು ಮನೇಲಿರ್ಬೇಕು."

"ಹತ್ತಕ್ಕೆ ನನಗೆ ಕ್ಲಾಸಿದೆ ಕಣೇ!"

"ಪಾಠ ನಾಳಿದ್ದು ಹೇಳ್ಬಹುದು. ಪಾತ್ರೆ ನಾಳಿದ್ದು ತೊಳೆಯೋಕಾಗುತ್ತಾ?"

ರಜೆ ಚೀಟಿ ಕಳಿಸಿದೆ.

ಸರಿಯಾಗಿ ಹತ್ತಕ್ಕೆ ಬಾಗಿಲು ಸದ್ದಾಯಿತು. ತೆರೆದರೆ, ನೀಲಿ ಏಪ್ರನ್ ತೊಟ್ಟ ಕನ್ನಡಕದವಳು. ಅವಳ ಹಿಂದೆ ಸಾಮಾನಿನ ಚೀಲ ಹೊತ್ತ ಮಾತಿನಮಲ್ಲಿ!

"ಅಯ್ಯೋ ಸಾರ್, ಇವತ್ತು ನೀವೂ ಕ್ಲಾಸಿಗೆ ಚಕ್ಕರ್ರಾ?" ಎಂದಳು ಮಾತಿನಮಲ್ಲಿ.

ಮಾತು ತಿರುಗಿಸಿದೆ. "ಇದೇನು ವೇಷ?"

ಮತ್ತೆ ಮಾತಿನಮಲ್ಲಿಯೇ ಬಾಯಿಬಿಟ್ಟಳು. "ಜನಕ್ಕೆ ಏನು ಸಿಗ್ತಿಲ್ಲ ಅಂತ ಹುಡುಕಿ ಅಂತ ಕ್ಲಾಸಲ್ಲಿ ನೀವೇ ಅಂದಿದ್ರಲ್ಲ ಸಾರ್. ಹೇಳಿದ ಹೊತ್ತಿಗೆ ಬರೋ ಪ್ಲಂಬರ್ ಇಲ್ಲ. ಇವಳಪ್ಪನೂ ಪ್ಲಂಬರ್ರೇ, ಅವರೂ ಹೊತ್ತಿಗೆ ಬರಲ್ಲ! ರಜೇಲಿ ಅವರ ಹತ್ರಾನೇ ಕೆಲಸ ಕಲಿತ್ವಿ. ಡಿಗ್ರಿ ಮುಗಿಸಿ ಮನೇಲಿ ಕೂತಿದ್ದ ನಾಲ್ಕು ಜನ ಸೀನಿಯರ್ಸ್ ಈಗ ನಮ್ಮ ಜೊತೆಗಿದ್ದಾರೆ."

ನನ್ನ ಪಾಠವನ್ನು ಯಾರೋ ನಿಜವಾಗಿ ಕೇಳಿಸಿಕೊಂಡಿದ್ದರು! ಎದೆಯುಬ್ಬಿಸಿಕೊಂಡೇ ಇಬ್ಬರನ್ನೂ ಅಡುಗೆಮನೆಗೆ ಕರೆದೊಯ್ದೆ.

"ಆದ್ರೆ ಹಾಜರಿ..." ಕನ್ನಡಕದವಳು ಚೀಲದಿಂದ ತೆಗೆದ ಸ್ಪ್ಯಾನರ್ ಕೆಳಗಿಟ್ಟು ಮೆಲ್ಲಗೆ ಹೇಳಿದಳು. "ಪರೀಕ್ಷೆಗೆ ಬಿಡದಿದ್ರೆ ಇದನ್ನೆಲ್ಲ ನಿಲ್ಲಿಸು ಅಂತಿದ್ದಾರೆ ಅಮ್ಮ."

ನನ್ನಾಕೆ ಸೊಂಟದ ಮೇಲೆ ಕೈಯಿಟ್ಟಳು. "ರೀ, ಹಾಜರಿ ಕೊಡ್ತೀರೋ, ಬಚ್ಚಲಲ್ಲಿ ಕೂತು ಪಾತ್ರೆ ತೊಳೀತೀರೋ?"

"ಪ್ರಾಯೋಗಿಕ ತರಗತಿ ಅಂತ ಬರೆದುಕೊಳ್ಳೋಣ. ನಿಯಮದಲ್ಲೇ ಅವಕಾಶವಿದೆ" ಎಂದೆ ಗಂಭೀರವಾಗಿ. (ಆ ನಿಯಮವನ್ನು ಇನ್ನು ಹುಡುಕಬೇಕು.)

ಇಬ್ಬರ ಮುಖವೂ ಅರಳಿತು. ಕನ್ನಡಕದವಳು ಸಿಂಕಿನ ಕೆಳಗೆ ನುಸುಳಿದಳು. "ಸಾರ್, ಸ್ವಲ್ಪ ಬೆಳಕು ತೋರಿಸ್ತೀರಾ?"

ಶಿಷ್ಯರಿಗೆ ಬೆಳಕು ತೋರುವುದಲ್ಲವೇ ಗುರುವಿನ ಪರಮಧರ್ಮ? ಟಾರ್ಚ್ ಹಿಡಿದು ಘನಗಂಭೀರವಾಗಿ ಮಂಡಿಯೂರಿದೆ.

"ಅಲ್ಲಲ್ಲ ಸಾರ್," ಒಳಗಿಂದ ದನಿ ಬಂತು, "ಟಾರ್ಚ್ ಆಂಟಿ ಕೈಗೆ ಕೊಡಿ. ನೀವು ಬಕೆಟ್ ಹಿಡ್ಕೊಳ್ಳಿ."