ಅಲ್ಲಿ ರೇಷ್ಮೆಹುಳು, ಇಲ್ಲಿ ತಿಗಣೆ

ಹುಳ ಕೊಲ್ಲುವ ನೌಕರಿ ಹಿಡಿದವನ ಮನೆಯನ್ನು ಹುಳಗಳೇ ಹುಡುಕಿಕೊಂಡು ಬರುತ್ತವೆ. ಮಲೇರಿಯಾ ಆಫೀಸಿನಲ್ಲಿ ಪಂಪು ಹೊತ್ತ ಯಾರನ್ನಾದರೂ ಕೇಳಿ, ಇಂಥದ್ದು ಎಲ್ಲರಿಗೂ ಆಗಿರುತ್ತದೆ. ನನಗೆ ಆದದ್ದು ಮದುವೆಯ ಹೊಸತರಲ್ಲಿ, ಕೊಳ್ಳೇಗಾಲ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ. ಮನೆ ಮನೆಗೆ ಹೋಗಿ ಗೋಡೆಗೆ ಡಿಡಿಟಿ ಹೊಡೆಯುವುದು ನನ್ನ ಕೆಲಸ. ಅದಕ್ಕೆ ಸೊಳ್ಳೆ ಸಾಯುತ್ತಿತ್ತು, ನೊಣ ಸಾಯುತ್ತಿತ್ತು. ತಿಗಣೆ ಮಾತ್ರ ಎಣ್ಣೆಸ್ನಾನ ಮಾಡಿಸಿಕೊಂಡ ಹಾಗೆ ಇನ್ನಷ್ಟು ಚುರುಕಾಗುತ್ತಿತ್ತು. ನನ್ನ ಹೆಂಡತಿ ತವರಿಗೆ ಹೋಗಿ ಕೂತದ್ದು ಈ ತಿಗಣೆಯ ದೆಸೆಯಿಂದ.

ಬೀದಿಗೆ ಬಂದ ಮಂಚಗಳು

ಅವಳ ತವರು ಯಳಂದೂರು ಕಡೆಯ ಮಾಂಬಳ್ಳಿ. ಹೊಸ ಸೊಸೆಯರು ಆಷಾಢಕ್ಕೆ ತವರಿಗೆ ಹೋಗುವುದು ವಾಡಿಕೆ, ಅಣ್ಣ ಬಂದು ಕರೆದುಕೊಂಡು ಹೋದ. ಹೊರಡುವಾಗ ಅವಳು ತೋಳಿನ ಮೇಲಿನ ದದ್ದು ತೋರಿಸಿ, "ಇವು ಈ ಮನೆ ಬುಟ್ಟು ಓಗಗಂಟ ನಾ ಬರಾಕಿಲ್ಲ ಕಣ್ರಿ" ಎಂದಳು. ಅವಳಿಲ್ಲದ ಮನೆ ಬಿಕೋ ಎನ್ನುತ್ತಿತ್ತು. ಕನ್ನಡಿಯ ಅಂಚಿಗೆ ಅವಳು ಸಿಕ್ಕಿಸಿ ಹೋಗಿದ್ದ ಹೇರ್‌ಪಿನ್ನನ್ನು ನಾನು ಧೂಳು ಒರೆಸುವುದಕ್ಕೂ ತೆಗೆಯಲಿಲ್ಲ.

ರಜೆಯ ದಿನ ಮಂಚವನ್ನು ಬೀದಿಗೆ ಎಳೆದು ಬಿಸಿಲಿಗೆ ಹಾಕಿದೆ. ಸಂದುಗೊಂದಿಗೆಲ್ಲ ಕುದಿಯುವ ನೀರು ಹೊಯ್ದೆ, ಕಾಲು ಹಿಡಿದು ನೆಲಕ್ಕೆ ಕುಟ್ಟಿದೆ. ಡಿಡಿಟಿಯವನೇ ಹೀಗೆ ಮಾಡುತ್ತಿದ್ದಾನೆ ಎಂದರೆ ಏನೋ ಇರಬೇಕು ಎಂದುಕೊಂಡು ಬೀದಿಯವರೆಲ್ಲ ತಂತಮ್ಮ ಮಂಚ ತಂದು ಸಾಲಾಗಿ ನಿಲ್ಲಿಸಿದರು. ನಾನಿದ್ದ ಮನೆಯ ಮುಂಭಾಗದಲ್ಲೇ ಇದ್ದ ಮನೆ ಒಡತಿ ಅಜ್ಜಿಯಂತೂ ತಮ್ಮ ಮಂಚವನ್ನು ನನ್ನ ಮಂಚಕ್ಕೆ ಒತ್ತಿಯೇ ಇಟ್ಟರು. ಸಂಜೆ ಎಲ್ಲವೂ ಒಳಗೆ ಹೋದವು.

ಬೆಳಗ್ಗೆ ಅಜ್ಜಿ ಬೆನ್ನು ಕೆರೆದುಕೊಳ್ಳುತ್ತ ಬಾಗಿಲಿಗೆ ಬಂದರು. "ಅರ್ಧಕ್ಕರ್ಧ ನನ್ ಮಂಚಕ್ಕೆ ಬಂದವೆ ಕಣಪ್ಪಾ. ಇರ್ಲಿ ಬುಡು, ನಿನ್ ಎಡ್ತಿ ಬರಗಂಟ ನಾನೇ ಸಾಕ್ಕಂಡಿರ್ತೀನಿ."

ಹನೂರಿನ ಗೋಡೆ

ಆಷಾಢ ಮುಗಿಯುತ್ತ ಬಂದಾಗ ನಮ್ಮನ್ನು ಹನೂರಿನ ಕಡೆಗೆ ಕಳಿಸಿದರು. ಡಿಡಿಟಿ ಒಣಗಿದರೆ ಗೋಡೆಯ ಮೇಲೆ ಬೆಳ್ಳಗೆ ಪುಡಿ ನಿಲ್ಲುತ್ತದೆ. ಆ ಪುಡಿ ಇದ್ದಷ್ಟು ದಿನ ಮಾತ್ರ ಸೊಳ್ಳೆ ಸಾಯುವುದು. ಹಾಗಾಗಿ ಗೋಡೆ ಸಾರಿಸಬೇಡಿ ಎಂದು ಪ್ರತಿ ಮನೆಯಲ್ಲೂ ಹೇಳಿ ಬರಬೇಕಿತ್ತು. ಒಂದು ಮನೆಗೆ ಅದೇ ವಾರ ಹೊಸ ಸೊಸೆ ತವರಿನಿಂದ ಬರುವವಳಿದ್ದಳು. ಬಾಗಿಲಿಗೆ ತೋರಣ ಕಟ್ಟಿದ್ದರು. ನೋಡಿ ನನಗೆ ಹೊಟ್ಟೆ ಉರಿಯಿತು. ಯಾರ ಮನೆಗೋ ಯಾರೋ ಬರುತ್ತಾರೆ, ನನ್ನ ಮನೆಗೆ ಮಾತ್ರ ಯಾರೂ ಇಲ್ಲ. ಆ ಸಿಟ್ಟಿನಲ್ಲಿ ಮೂಲೆಮೂಲೆಗೂ ಜೋರಾಗಿಯೇ ಹೊಡೆದೆ.

ಮರುದಿನ ಇನ್ಸ್‌ಪೆಕ್ಟರ್ ತಪಾಸಣೆಗೆ ಬಂದರು. ನೋಡಿದರೆ ಆ ಮನೆಯ ಗೋಡೆಗೆಲ್ಲ ಕೆಮ್ಮಣ್ಣು, ಸಗಣಿ ಸೇರಿಸಿ ನುಣ್ಣಗೆ ಸಾರಿಸಿಬಿಟ್ಟಿದ್ದರು. ಬಿಳಿಯ ಚುಕ್ಕೆ ಒಂದೂ ಇಲ್ಲ.

"ಡಿಡಿಟಿ ಎಲ್ಲಮ್ಮಾ?" ಎಂದರು ಇನ್ಸ್‌ಪೆಕ್ಟರ್.

ಮನೆಯಾಕೆ ಸೆರಗು ಸರಿ ಮಾಡಿಕೊಂಡು ಸಮಾಧಾನವಾಗಿ ಹೇಳಿದಳು: "ಒಳಗೇ ಅದೆ ಸಾ. ಎಲ್ಲೂ ಓಗ್ದಂಗೆ ಮ್ಯಾಲೆ ಮೆತ್ತಿವ್ನಿ."

ಮಾಂಬಳ್ಳಿಯ ಜಗಲಿ

ಶ್ರಾವಣ ಬಂತು. ಮಾಂಬಳ್ಳಿಯಿಂದ ಅವಳೂ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ತಡೆಯಲಾರದೆ ಮಲ್ಲಿಗೆ ಹೂವು ಕಟ್ಟಿಸಿಕೊಂಡು ನಾನೇ ಹೊರಟೆ.

ಮಾವ ದಾರಿಯಲ್ಲೇ ಎದುರಾಗಿ ಎರಡೂ ಕೈ ಅಡ್ಡ ಹಿಡಿದರು. "ಅಳಿಯಂದ್ರೇ, ಅಲ್ಲೇ ನಿಂತ್ಕಳಿ. ಒಳಗೆ ಹುಳ ಅವೆ."

ಹುಳ ಎಂದರೆ ರೇಷ್ಮೆಹುಳು. ಮನೆಯ ತುಂಬ ತಟ್ಟೆಗಳು, ಅವುಗಳಲ್ಲಿ ಇಡೀ ಸಂಸಾರದ ಅನ್ನ. ನಮ್ಮ ಡಿಡಿಟಿ ಸೋಕಿದರೂ ಸಾಕು, ತಟ್ಟೆಗೆ ತಟ್ಟೆಯೇ ಸತ್ತು ಮಲಗಿಬಿಡುತ್ತದೆ. ಮಾವ ನನ್ನನ್ನು ಬಾವಿಯ ಹತ್ತಿರ ನಿಲ್ಲಿಸಿ ಸೀಗೆಕಾಯಿ ಹಾಕಿ ಉಜ್ಜಿಸಿದರು, ತಮ್ಮ ಪಂಚೆ ಉಡಿಸಿದರು. ಆಮೇಲೆ ಹತ್ತಿರ ಬಂದು ನನ್ನ ನೆತ್ತಿ ಮೂಸಿ, "ಇನ್ನೂ ನಾತ ಒಡೀತಾ ಅದೆ" ಎಂದು ಜಗಲಿಯಲ್ಲೇ ಚಾಪೆ ಹಾಸಿಸಿದರು.

ಅವಳು ಹಿಪ್ಪುನೇರಳೆ ಸೊಪ್ಪಿನ ಕುಕ್ಕೆ ಹೊತ್ತು ನನ್ನ ಮುಂದೆಯೇ ಒಳಗೆ ಹೊರಗೆ ಓಡಾಡುತ್ತಿದ್ದಳು. ಪ್ರತಿ ಸಲವೂ ಒಂದು ನಗು ಕೊಟ್ಟು ಹೋಗುವಳು. ಊಟವನ್ನೂ ಜಗಲಿಗೇ ತಂದಳು. ಹೂವು ಕೊಟ್ಟೆ. ವಾಸನೆ ನೋಡಿ, "ಇದೂನೂವೆ ಡಿಡಿಟಿ ನಾತ" ಎಂದಳು. ಹುಳಕ್ಕೆ ಸೋಕೀತೆಂದು ಒಳಗೆ ಒಯ್ಯಲಿಲ್ಲ, ಆದರೂ ಜಗಲಿಯ ಕಂಬಕ್ಕೆ ಒರಗಿಕೊಂಡು ಮುಡಿಯಲ್ಲಿ ಇಟ್ಟುಕೊಂಡೇ ಮಾತಾಡಿದಳು. ಆ ಸ್ವಲ್ಪ ಹೊತ್ತು ಎಷ್ಟು ಬೇಗ ಕಳೆಯಿತೋ. ಎದ್ದು ಹೋಗಿ ಅವಳ ಕೈ ಹಿಡಿಯಬೇಕು ಅನ್ನಿಸಿ ಜೀವ ಚಡಪಡಿಸಿತು. ನನ್ನ ಮನೆಯ ಹುಳ ಅವಳನ್ನು ಒಳಗೆ ಬಿಡದು, ಅವಳ ಮನೆಯ ಹುಳ ನನ್ನನ್ನು.

ಹೊರಡುವಾಗ, "ಯಾವಾಗ ಕಳಿಸ್ತೀರಿ ಮಾವ?" ಎಂದೆ.

"ಹುಳ ಹಣ್ಣಾಗ್ಲಿ, ಗೂಡು ಕಟ್ಲಿ. ಅವಳಿದ್ರೆ ಸೊಪ್ಪು ಚೆನ್ನಾಗಿ ತಿಂತವೆ" ಎಂದರು. ಹೆಂಡತಿಯ ಕೈ ಅಡಿಗೆ ಉಣ್ಣುವ ಯೋಗ ಹುಳುವಿಗಿತ್ತು.

ತವರಿನ ಮಂಚ

ಕೊಳ್ಳೇಗಾಲಕ್ಕೆ ಬಂದವನೇ ಮಂಚವನ್ನು ಒಡೆದು ನೀರೊಲೆಗೆ ಹಾಕಿದೆ. ಗೋಡೆಯ ಬಿರುಕನ್ನೆಲ್ಲ ಸುಣ್ಣ, ಮಣ್ಣು ಕಲಸಿ ಮುಚ್ಚಿದೆ. ಅಜ್ಜಿಯನ್ನು ಕಾಡಿ ಬೇಡಿ ಅವರ ಮಂಚಕ್ಕೂ ಅದೇ ಗತಿ ಕಾಣಿಸಿ, ಹೊಸ ಚಾಪೆ ತಂದುಕೊಟ್ಟೆ. ಮನೆಯಲ್ಲಿ ತಿಗಣೆ ಅನ್ನುವುದೇ ಇಲ್ಲವಾಯಿತು. ಗೂಡು ಮಾರಲು ಪೇಟೆಗೆ ಬಂದ ಮಾವ ಖುದ್ದು ಬಂದು ಗೋಡೆ ತಟ್ಟಿ ನೋಡಿದರು, ಚಾಪೆ ಮಗುಚಿ ನೋಡಿದರು.

"ಎಲ್ಲಾ ಸರಿ. ಮಂಚ ಎಲ್ಲಿ?"

"ಸುಟ್ಟೆ ಮಾವ."

"ನನ್ ಮಗಳು ನೆಲದ ಮ್ಯಾಲೆ ಮಲಗಾಳಾ?" ಎಂದು ಮುಖ ಗಂಟಿಕ್ಕಿಕೊಂಡು ಹೋದರು. ಮತ್ತೆ ಏನು ತಕರಾರು ತೆಗೆಯುತ್ತಾರೋ ಎಂದು ಊಟ ಸೇರಲಿಲ್ಲ.

ಆದರೆ ಸೋಮವಾರ ಎತ್ತಿನಗಾಡಿ ಬಂದು ನಿಂತಿತು. ಗಾಡಿಯಲ್ಲಿ ಅವರ ಮನೆಯ ಹಳೇ ಬೀಟೆಮಂಚ, ಮಂಚದ ಮೇಲೆ ನನ್ನ ಹೆಂಡತಿ. ಅಷ್ಟು ದಿನದ ಮೇಲೆ ಮನೆಯಲ್ಲಿ ಬಳೆ ಸದ್ದು ಕೇಳಿ ನನಗೆ ಕಣ್ಣು ತುಂಬಿ ಬಂತು.

ಬೆಳಗ್ಗೆ ಎದ್ದು ನೋಡಿದರೆ ನನ್ನ ಮೈಯೆಲ್ಲ ದದ್ದು. ಮಂಚದ ಸಂದಿಗೆ ಕಡ್ಡಿ ಹಾಕಿ ಕೆದಕಿದೆ. ಉದುರಿದವು, ದಪ್ಪ ದಪ್ಪ ತಿಗಣೆಗಳು. ಅವಳ ತೋಳಲ್ಲೂ ದದ್ದು ಎದ್ದಿತ್ತು. ಎದ್ದರೆ ಗಾಡಿ ಕಟ್ಟಿಸು ಅನ್ನುತ್ತಾಳೆ ಎಂದು ಹೆದರಿದೆ. ಅವಳು ಕಣ್ಣು ಬಿಡುವ ಮೊದಲೇ ಮಂಚದ ಕಾಲಿನ ಸಂದುಗಳನ್ನಾದರೂ ಮುಗಿಸೋಣವೆಂದು ಒಲೆ ಉರಿಸಿ, ಕುದಿಯುವ ನೀರಿನ ಚೆಂಬು ಹಿಡಿದು ಬಂದೆ. ಅವಳು ಎಚ್ಚರವಾಗಿ ಕೂತಿದ್ದಳು. ನನ್ನ ಕೈಯ ಚೆಂಬು ನೋಡಿದಳು, ನೆಲದ ಮೇಲೆ ಹರಿಯುತ್ತಿದ್ದ ತಿಗಣೆ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತು.

"ಉಯ್ಬ್ಯಾಡಿ ಕಣ್ರಿ," ಎಂದಳು. "ಇವು ನಮ್ಮನೆಯವು. ಕಚ್ಚುದ್ರೂ ಅಷ್ಟು ಉರಿಯಾಕಿಲ್ಲ."