ರಾಚಪ್ಪನವರ ಬಲಗಿವಿ

ಗೊತ್ತಿರುವವರ ಬಗ್ಗೆ ಫೇಸ್‌ಬುಕ್ಕಿನಲ್ಲಿ ಬರೆಯಬೇಕು, ಆದರೆ ಅವರು ಯಾರೆಂದು ನರಪಿಳ್ಳೆಗೂ ತಿಳಿಯಬಾರದು. ಈ ವಿದ್ಯೆಯಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲೇ ನನ್ನನ್ನು ಮೀರಿಸುವವರಿಲ್ಲ ಎಂದು ನಂಬಿದ್ದೆ. ಹೋದ ತಿಂಗಳವರೆಗೆ.

ಬನ್ನೂರಿನಲ್ಲಿರುವ ನನ್ನ ಭಾವನವರಿಗೆ ಎಡಗಿವಿ ಮಂದ. ಗೊಬ್ಬರದ ಅಂಗಡಿ ನಡೆಸುವ ಗಂಭೀರ ಮನುಷ್ಯ. ಕೇಳಿಸಲಿಲ್ಲ ಎಂದು ಒಪ್ಪಿಕೊಳ್ಳುವ ಜಾಯಮಾನವಲ್ಲ. ಯಾರು ಏನೇ ಹೇಳಲಿ, "ಆಗ್ಲಿ, ಆಗ್ಲಿ" ಎಂದು ತಲೆಯಾಡಿಸಿಬಿಡುತ್ತಾರೆ. ಒಂದು ಸಂಜೆ ಪಕ್ಕದ ಬೀದಿಯ ಸಿದ್ದಯ್ಯನವರು ಅವರ ಎಡಗಡೆ ನಿಂತು ಏನೋ ಕೇಳಿದರು. "ಆಗ್ಲಿ" ಎಂದರು ಭಾವ. ಮಾರನೆಯ ಬೆಳಿಗ್ಗೆ ಬಾಗಿಲು ತೆರೆದರೆ ಜಗಲಿ ಕಂಬಕ್ಕೆ ಎರಡು ಮೇಕೆ! ಸಿದ್ದಯ್ಯ ಸಂಸಾರಸಮೇತ ಹತ್ತು ದಿನದ ಯಾತ್ರೆಗೆ ಹೊರಟುಹೋಗಿದ್ದರು. ಭಾವ ತುಟಿ ಪಿಟಕ್ಕೆನ್ನದೆ ಹತ್ತು ದಿನವೂ ಸೊಪ್ಪು ತಂದು ಹಾಕಿದರು.

ಅಕ್ಕ ಇದನ್ನು ಹೇಳಿ, ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಯಾರ್ಗೂ ಹೇಳ್ಬೇಡ ಕಣೋ. ಅವರ ಕಿವಿ ವಿಷ್ಯ ಮನೆಯವ್ರಿಗ್ ಬಿಟ್ರೆ ಯಾರ್ಗೂ ಗೊತ್ತಿಲ್ಲ" ಎಂದಳು.

"ಯಾರ್ಗೂ ಹೇಳಲ್ಲ" ಎಂದೆ. ಹೇಳಲಿಲ್ಲ. ಬರೆದೆ.

"ಅತ್ತಿಗೆ ನಂಬಿ ಹೇಳಿದ್ದು ಕಣ್ರೀ, ಬೇಡ" ಎಂದಳು ಹೆಂಡತಿ ಗೌರಿ.

"ಗೌಪ್ಯತೆಯ ಸಕಲ ಕ್ರಮಗಳನ್ನೂ ಕೈಗೊಳ್ಳಲಾಗಿದೆ" ಎಂದು ಘೋಷಿಸಿದೆ. ಬನ್ನೂರನ್ನು ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲ ಮಾಡಿದ್ದೆ. ಮೇಕೆಗಳು ಕರುಗಳಾಗಿದ್ದವು. ಎಡಗಿವಿ ಬಲಗಿವಿಯಾಗಿತ್ತು. ಭಾವನಿಗೆ ರಾಚಪ್ಪ ಎಂದು ನಾಮಕರಣವಾಗಿತ್ತು. ಇನ್ನೇನು ಬೇಕು?

ಲೈಕುಗಳು ಸುರಿದವು. ಒಂದು ದಿನ ಪೂರ್ತಿ ನೆಲದ ಮೇಲೆ ಕಾಲಿಡಲಿಲ್ಲ ನಾನು. ಮಾರನೆಯ ದಿನ ಫೋನು ಬಂತು.

"ಸಾ, ರಾಚಪ್ಪ ಕಣ್ಸಾ ಮಾತಾಡ್ತಿರೋದು. ಎಮ್ಮರಗಾಲ."

ರಾಚಪ್ಪ ನನ್ನ ಕಲ್ಪನೆಯ ಕೂಸು ಎಂದುಕೊಂಡಿದ್ದೆ. ಆ ಕೂಸು ಮೀಸೆ ಬಿಟ್ಟು, ಎರಡು ಕರು ಕಟ್ಟಿಕೊಂಡು ಹೆಮ್ಮರಗಾಲದಲ್ಲಿ ಸಂಸಾರ ಮಾಡುತ್ತಿತ್ತು!

"ನನ್ ಕಿವಿಗೆ ಏನಾಗದೆ ಸಾ? ಊರೋರೆಲ್ಲ ಬಲಗಿವಿ ತಕೆ ಬಂದು ಅರಚ್ತಾವ್ರೆ. ಟೀ ಅಂಗ್ಡಿಯೋನು 'ಸಕ್ಕರೆ ಆಕ್ಲಾ ರಾಚಪ್ಪಣ್ಣ' ಅಂತ ಬಾಯ್ ಬಡ್ಕತಾನೆ. ಒಲದಾಚೆ ಗೂಬೆ ಕೂಗಿದ್ರೂ ನಂಗೆ ಕೇಳ್ತದೆ ಸಾ!"

"ತಪ್ಪಾಯ್ತು ಯಜಮಾನ್ರೇ. ನನ್ನ ನಂಬರ್ ಯಾರು ಕೊಟ್ರು?"

"ನಿಮ್ ಫೋಟೋ ಕೆಳ್ಗೇ ಐತಲ್ಲ ಸಾ!"

ಹೌದು. ಊರವರ ಗುಟ್ಟು ಕಾಯಲು ಹೊರಟವನ ಫೋನ್ ನಂಬರು ಮಾತ್ರ ಬಟಾಬಯಲು!

ಪಾಪ, ರಾಚಪ್ಪನವರ ಮಾನ ಉಳಿಸಬೇಕಲ್ಲ? ತಕ್ಷಣ ಒಂದು ಸ್ಪಷ್ಟೀಕರಣ ಹಾಕಿದೆ. "ಹೆಮ್ಮರಗಾಲದ ರಾಚಪ್ಪನವರಿಗೂ ಈ ಬರಹಕ್ಕೂ ಯಾವುದೇ ಸಂಬಂಧವಿಲ್ಲ. ನಿಜವಾದ ವ್ಯಕ್ತಿ ಬನ್ನೂರಿನವರು. ಅದು ಬಲಗಿವಿಯಲ್ಲ, ಎಡಗಿವಿ. ಕರುವಲ್ಲ, ಮೇಕೆ. ಗೌಪ್ಯತೆಯ ದೃಷ್ಟಿಯಿಂದ ಹೆಸರು ತಿಳಿಸಲಾಗದು."

ಗೌರಿ ಓದಿ ಹಣೆ ಚಚ್ಚಿಕೊಂಡಳು. "ಆಧಾರ್ ಕಾರ್ಡೂ ಹಾಕ್ಬಿಡಿ ಅತ್ಲಾಗೆ!"

ಅಷ್ಟರಲ್ಲಿ ಮೊದಲ ಕಾಮೆಂಟು ಬಂದಿತ್ತು: "ನಿಮ್ಮ ಭಾವನವರಾ ಸಾರ್?"

"ಖಂಡಿತ ಅಲ್ಲ! ನಮ್ಮ ಭಾವನವರ ಬಲಗಿವಿ ಚೆನ್ನಾಗಿದೆ" ಎಂದು ಉತ್ತರಿಸಿದೆ. ಅಳಿಸಬೇಕು ಎಂದು ಹೊಳೆಯುವ ಮೊದಲೇ ಅದರ ಕೆಳಗೆ ಸಿದ್ದಯ್ಯನವರು ಬರೆದಿದ್ದರು: "ಮೇಕೆ ನಮ್ಮವೇ. ಹಾಗಾದರೆ ಅವತ್ತು ನಾನು ಹೇಳಿದ್ದು ಅವರಿಗೆ ಕೇಳಿಸಿರಲೇ ಇಲ್ಲವಾ? ಅಂಥ ದೊಡ್ಡ ಮನುಷ್ಯ ಇಲ್ಲ ಅಂತ ಊರಿಗೆಲ್ಲ ಹೇಳಿಕೊಂಡು ಬಂದಿದ್ದೆನಲ್ಲ."

ಹತ್ತು ದಿನ ಸೊಪ್ಪು ಹೊತ್ತು ಸಂಪಾದಿಸಿದ್ದ ಹೆಸರನ್ನು ನಾನು ಒಂದೇ ಕಾಮೆಂಟಿನಲ್ಲಿ ಕಳೆದಿದ್ದೆ. ಎಲ್ಲ ಅಳಿಸಿದೆ. ಅಳಿಸಿದ್ದೆಲ್ಲ ಅದಾಗಲೇ ಸ್ಕ್ರೀನ್‌ಶಾಟ್ ಆಗಿ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಕೂತಿತ್ತು!

ಭಾನುವಾರ ಗೌರಿಯನ್ನು ಕರೆದುಕೊಂಡು ಬನ್ನೂರಿಗೆ ಹೋದೆ. ಭಾವ ಜಗಲಿಯ ಮೇಲೆ ಪೇಪರು ಹಿಡಿದು ಕೂತಿದ್ದರು.

"ತಪ್ಪಾಯ್ತು ಭಾವ" ಎಂದೆ. ಪೇಪರು ಅಲುಗಲಿಲ್ಲ. ಎಡಗಡೆ ನಿಂತಿದ್ದೇನೆಂದು ಹೊಳೆದು ಬಲಗಡೆಗೆ ಹೋಗಿ, "ತಪ್ಪಾಯ್ತು ಭಾವ!" ಎಂದೆ. ಭಾವ ಪುಟ ತಿರುಗಿಸಿದರು. ಕೊನೆಗೆ ಜೀವ ಬಿಟ್ಟು ಕೂಗಿದೆ. ಎದುರು ಮನೆಯವರೆಲ್ಲ ಬಾಗಿಲಿಗೆ ಬಂದರು.

ಭಾವ ಪೇಪರು ಮಡಚಿದರು. "ಎರಡ್ನೇ ಸಲಾನೇ ಕೇಳಿಸ್ತು ಕಣಯ್ಯಾ. ಬೀದಿಗೆಲ್ಲ ಕೇಳ್ಲಿ ಅಂತ ಸುಮ್ನಿದ್ದೆ. ಊರಿಗೆಲ್ಲ ಹೇಳೋದು ನಿಂಗೆ ಇಷ್ಟ ಅಲ್ವಾ?"

ಆಮೇಲೆ ಊಟ ಹಾಕಿದರು. ಪಾಯಸವೂ ಇತ್ತು. ಸಿದ್ದಯ್ಯನವರು ಬಂದು ಭಾವನ ಬಲಗಡೆಗೇ ಕೂತು, "ಕೇಳಿಸ್ದೆ ಇದ್ರೂ ನೋಡ್ಕಂಡ್ರಲ್ಲ, ಅದೇ ದೊಡ್ದು ಕಣ್ರೀ" ಎಂದರು. ಭಾವ ಮೀಸೆಯಡಿಯಲ್ಲೇ ನಕ್ಕರು. ನನಗೂ ಉಸಿರು ಬಂತು. ಎಲ್ಲ ಸರಿಹೋಯಿತು ಎಂದುಕೊಂಡೆ. ಆಗ ಅಕ್ಕ ಗೌರಿಯನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅರ್ಧ ಗಂಟೆ ನಗುವೋ ನಗು.

ಬಸ್ಸಿನಲ್ಲಿ ಕೇಳಿದೆ: "ಅಕ್ಕ ಏನಂದ್ಲು?"

"ಹೇಳ್ಬಾರ್ದಂತೆ."

"ಯಾರಿಗೂ?"

ಗೌರಿ ಕಿಟಕಿಯ ಕಡೆ ತಿರುಗಿದಳು. "ಹಂಗೇನಿಲ್ಲ. ನಿಮ್ಮೊಬ್ಬರನ್ನ ಬಿಟ್ಟು ಯಾರಿಗ್ ಬೇಕಾದ್ರೂ ಹೇಳ್ಬಹುದಂತೆ!"