ಕೆಂಪು ವೃತ್ತದ ಕಳ್ಳ

ಸಾಗರದಲ್ಲಿ ಬೋರ್ಡ್ ಬರೆಯುವ ಮಂಜುನಾಥಪ್ಪನ ಕೆಂಪು ವೃತ್ತ ಕಳುವಾಗಿತ್ತು. ಅಂದರೆ, ವೃತ್ತವೇನೋ ಬಸ್‌ಸ್ಟ್ಯಾಂಡಿನೆದುರು ಕಾಫಿ ಹೋಟೆಲಿನ ನೆತ್ತಿಗೆ ಅವನೇ ಬರೆದ ಬೋರ್ಡಿನ ಮೇಲೆ ಇದ್ದಲ್ಲೇ ಇತ್ತು. ಅದರ ಅವಳಿ ಮಾತ್ರ ಹೊಸನಗರದ ಸೈಕಲ್ ಶಾಪಿನ ಮೇಲೆ ರಾರಾಜಿಸುತ್ತಿತ್ತು. ಅದೇ ವೃತ್ತ, ಅದರಡಿ ಅದೇ ಮೂರು ಗೆರೆ, ಅದೇ ಹೊಟ್ಟೆ ಉಬ್ಬಿದ ಅಕ್ಷರ! ಬಸ್ಸಿನ ಕಿಟಕಿಯಿಂದ ಕಂಡವನಿಗೆ ಇಳಿಯಲು ಪುರಸೊತ್ತಾಗಲಿಲ್ಲ. ಹೊಟ್ಟೆ ಸಾಗರದವರೆಗೂ ಉರಿಯುತ್ತಲೇ ಬಂತು.

ಸುತ್ತಮುತ್ತ ಮೂರು ತಾಲ್ಲೂಕಿನಲ್ಲಿ ತನ್ನಂಥ ಕೈ ಇನ್ನೊಂದಿಲ್ಲ ಎಂದು ನಂಬಿದವನು ಅವನು. (ಹಾಗೆ ನಂಬಿದವನು ಅವನೊಬ್ಬನೇ ಎಂಬುದು ಬೇರೆ ಮಾತು.) ಆ ಹೆಸರೂ ಹೋದರೆ ಅವನಿಗೆ ಉಳಿಯುವುದು ಬಣ್ಣದ ಡಬ್ಬಿಗಳಷ್ಟೇ.

ಮನೆಗೆ ಬಂದವನೇ ಹೆಂಡತಿ ಗುತ್ಯಮ್ಮನ ಮುಂದೆ ಕೂಗಾಡಿದ. ಗುತ್ಯಮ್ಮ ಮದುವೆಮನೆಗಳ ಗೋಡೆಗೆ ಹಸೆ ಚಿತ್ತಾರ ಬರೆಯುವವಳು. ಪುಂಡಿನಾರಿನ ಕುಂಚ, ಅಕ್ಕಿಹಿಟ್ಟಿನ ಬಿಳಿ, ಇಷ್ಟಿದ್ದರೆ ಸಾಕು ಅವಳಿಗೆ. ಗಂಡನ ಘನ ಅಭಿಪ್ರಾಯದಲ್ಲಿ ಅದು ಗೋಡೆ ಗೀಚುವ ಕೆಲಸ. ಬೋರ್ಡ್ ಬರೆಯುವುದು ಕಲೆ. ಅವಳು ಆ ಬೋರ್ಡಿನ ಬಗ್ಗೆ ಏನೋ ಹೇಳಹೊರಟಳು. ಬೋರ್ಡಿನ ವಿಷಯ ನಿನಗೆಂತ ಗೊತ್ತು ಎಂದು ಇವನು ಬಾಯಿ ಮುಚ್ಚಿಸಿದ. ಅವಳು ಒಲೆಗೆ ನಾಲ್ಕು ಸೌದೆ ಒಟ್ಟಿ ಮತ್ತೆ ಬಂದಳು.

"ಹೋಗ್ಲಿ, ಗೆರೆ ಹೆಂಗಿತ್ತು?"

ಮಂಜುನಾಥಪ್ಪ ಎಡವಿದ್ದು ಇಲ್ಲೇ. ಎಷ್ಟೆಂದರೂ ಕಸುಬಿನವನು, ಗೆರೆಯ ವಿಷಯದಲ್ಲಿ ಸುಳ್ಳು ಬಾಯಿಗೆ ಬರಲಿಲ್ಲ.

"ನನ್ನದಕ್ಕಿಂತ ನೇರ ಇತ್ತು. ದಾರ ಹಿಡಿದು ಎಳೆದಿರ್ತಾನೆ ಕಳ್ಳ. ಬರೀ ಕೈಲಿ ಎಳೆದಿದ್ರೆ, ವರ್ಷಪೂರ್ತಿ ಅವನ ಕುಂಚ ನಾನೇ ತೊಳೀತೀನಿ."

"ತೊಳೀತೀರಾ?"

"ಭೂತಪ್ಪನಾಣೆ ತೊಳೀತೀನಿ."

ಗುತ್ಯಮ್ಮ ಅನ್ನ ಬಡಿಸಲು ಎದ್ದಳು.

ಮರುದಿನ ಅವನು ವಕೀಲ ನಾರಾಯಣಮೂರ್ತಿಗಳ ಮನೆಯ ಜಗಲಿ ಏರಿದ. ಕಾಪಿರೈಟ್ ಎಂಬ ಹೊಸ ಕಾನೂನು ಬಂದಿದೆಯೆಂದು ಹೋಟೆಲಿನಲ್ಲಿ ಯಾರೋ ಪೇಪರ್ ಓದುವಾಗ ಅವನ ಕಿವಿಗೆ ಬಿದ್ದಿತ್ತು. ಸ್ವಂತ ತಲೆ ಓಡಿಸಿ ಬರೆದ ಚಿತ್ರಕ್ಕೆ ಹಕ್ಕುಂಟು, ಬರೀ ದುಂಡಿಗೂ ಗೆರೆಗೂ ಅಕ್ಷರಕ್ಕೂ ಯಜಮಾನರಿಲ್ಲ ಎಂದರು ವಕೀಲರು. ತನ್ನದು ಸಾಮಾನ್ಯ ದುಂಡಲ್ಲ ಎಂದು ಇವನು ವಾದಿಸಿದ. ಹಾಗಾದರೆ ಅದನ್ನು ಬರೆದದ್ದು ಹೇಗೆ ಎಂದು ಅವರು ಕೇಳಿದರು. ಅನ್ನದ ತಪ್ಪಲೆಯ ಮುಚ್ಚಳ ಇಟ್ಟು ಸುತ್ತ ಗೀಟೆಳೆದೆ ಎಂದು ಒಪ್ಪಿಕೊಳ್ಳಬೇಕಾಯಿತು.

"ಹಂಗಾದ್ರೆ ಮೊದಲ ಹಕ್ಕು ಮುಚ್ಚಳ ಮಾಡಿದವಂದು ಮಾರಾಯ್ರೇ. ಅಕ್ಷರನೂ ನಿಮ್ಮದಾದ್ರೆ, ನಾಳೆ ನಾನು ಅರ್ಜಿ ಬರೆಯೋಕೂ ನಿಮ್ಮ ಅಪ್ಪಣೆ ಬೇಕಾಗ್ತದೆ."

ಈ ಅವಮಾನವನ್ನೂ ಗುತ್ಯಮ್ಮನ ಮುಂದೆ ತೋಡಿಕೊಂಡ. ಆಮೇಲೆ, ಕಾನೂನು ಕೈಬಿಟ್ಟರೇನು, ಬಾಯಿ ಇದೆಯಲ್ಲ ಎಂದು ಹೊಸನಗರದ ಬಸ್ ಹತ್ತಿದ.

ಸೈಕಲ್ ಶಾಪಿನ ದುಗ್ಗಪ್ಪ ನಿಧಾನಸ್ಥ. ಹೆಸರು, ಊರು ಹೇಳಿಕೊಂಡೇ ಶುರುಮಾಡಿದ ಇವನ ಬೈಗುಳವೆಲ್ಲ ಮುಗಿಯುವವರೆಗೆ ಪಂಕ್ಚರ್ ಹಾಕುತ್ತ ಕೂತಿದ್ದ. ಆಮೇಲೆ ಕೈ ಒರೆಸಿಕೊಂಡು ಸ್ಟೂಲು ಎಳೆದು ಕೊಟ್ಟ.

"ದಾರ ಗೀರ ಎಂತದೂ ಇಲ್ಲ. ಮಗಳ ಮದುವೇಲಿ ಹಸೆ ಬರೆಯೋಕೆ ಬಂದಿದ್ರಲ್ಲ, ಅವ್ರಿಗೇ ಈ ಹಲಗೆನೂ ಒಂಚೂರು ನೋಡ್ರಿ ಅಂದೆ. ಪುಂಡಿನಾರು ಅದ್ದಿ, ಉಸಿರು ಹಿಡಿದು, ಒಂದೇ ಸಲಕ್ಕೆ ಎಳೆದುಬಿಟ್ರು. ಯಾಕೆ, ನಿಮ್ಮ ಮನೆಯೋರು ನಿಮಗೆ ಹೇಳಿಲ್ವಾ?"

ಮಂಜುನಾಥಪ್ಪ ಕತ್ತೆತ್ತಿ ಬೋರ್ಡಿನ ಆ ಮೂರು ಗೆರೆಯನ್ನು ಇನ್ನೊಮ್ಮೆ ನೋಡಿದ. ದುಗ್ಗಪ್ಪ ಸಮಾಧಾನಕ್ಕೆಂದು ಇನ್ನೊಂದು ಮಾತು ಸೇರಿಸಿದ. ಸಾಗರದ ಹೋಟೆಲಿನ ಮೇಲೂ ಇಂಥದ್ದೇ ಒಂದಿದೆಯಂತೆ, ಯಾರೋ ಇದನ್ನು ನೋಡಿ ಕದ್ದಿರಬೇಕು ಎಂದು ಊರಿನವರೆಲ್ಲ ಆಡಿಕೊಳ್ಳುತ್ತಾರಂತೆ!

ಅವನು ಮನೆ ಮುಟ್ಟುವಾಗ ಜಗಲಿಯ ಮೇಲೆ ಒಂದು ಬೋಗುಣಿ ಸೀಮೆಎಣ್ಣೆ, ಪಕ್ಕದಲ್ಲಿ ಬಣ್ಣ ಮೆತ್ತಿದ ಆರು ಪುಂಡಿನಾರಿನ ಕುಂಚ ಸಾಲಾಗಿ ಕಾದಿದ್ದವು. ಮಂಜುನಾಥಪ್ಪ ಪಂಚೆ ಎತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕೂತ. ಮೂರನೆಯ ಕುಂಚದ ಹೊತ್ತಿಗೆ ತಡೆಯಲಾಗಲಿಲ್ಲ. ಕೈ ನಿಂದೇ ಇರಬಹುದು, ಆದರೆ ಆ ದುಂಡಾದರೂ ನಂದಲ್ಲವೇನೇ ಎಂದು ಮೆಲ್ಲಗೆ ಕೇಳಿದ.

"ದುಂಡು ಯಾರದ್ದೂ ಅಲ್ಲ ಅಂತ ವಕೀಲ್ರೇ ಹೇಳಿದ್ರಲ್ಲ," ಎಂದಳು ಗುತ್ಯಮ್ಮ. "ಕುಂಚ ಮಾತ್ರ ನಂದು. ಬುಡದಲ್ಲಿ ಬಣ್ಣ ಉಳಿದದೆ, ಸರಿಯಾಗಿ ತೊಳೀರಿ."